ತರಂಗಾಂತರ ಹಂಚಿಕೆಯಿಂದ ಕೊಡಗಿನ ಕಣಿವೆಗಳಿಗೆ ಸಿಗ್ನಲ್ ಬರುತ್ತದೆಯೇ?

ಎರಡು ಕಂಪನಿಗಳು ತಮ್ಮ ತರಂಗಾಂತರವನ್ನು ಒಟ್ಟಾಗಿ ಬಳಸುವ ಈ ಹಂಚಿಕೆಯೊಂದರಿಂದಲೇ ಬರುವುದಿಲ್ಲ, ಆದರೆ ಟವರ್ ಈಗಾಗಲೇ ಇದ್ದು, ಜನದಟ್ಟಣೆಯಿಂದ ಇಂಟರ್ನೆಟ್ ನಿಧಾನವಾಗುವ ಮಡಿಕೇರಿ, ಕುಶಾಲನಗರದಂಥ ಕಡೆ ಅದರಿಂದ ನಿಜವಾದ ಪ್ರಯೋಜನವಿದೆ.

ಸರ್ಕಾರವು ತರಂಗಾಂತರವನ್ನು, ಅಂದರೆ ಮೊಬೈಲ್ ಬಳಸುವ ರೇಡಿಯೊ ಅಲೆಗಳ ವ್ಯಾಪ್ತಿಯನ್ನು, ಜಿಲ್ಲಾವಾರು ಹರಾಜು ಹಾಕುವುದಿಲ್ಲ. ಇಡೀ ಕರ್ನಾಟಕವೇ ಒಂದು ಸೇವಾ ವಲಯ. ಹೀಗಾಗಿ ಬೆಂಗಳೂರಿನ ಬೇಡಿಕೆಯನ್ನು ನೋಡಿ ಕೊಂಡದ್ದು ಭಾಗಮಂಡಲದ ಸುತ್ತಲಿನ ಕಾಡಿನಲ್ಲಿ ಬಳಕೆಯಾಗದೆ ಉಳಿಯಬಹುದು. ಒಂದೇ ಬ್ಯಾಂಡಿನಲ್ಲಿ, ಅಂದರೆ ಅಲೆಗಳ ಒಂದೇ ಆವರ್ತನ ಗುಂಪಿನಲ್ಲಿ, ತರಂಗಾಂತರ ಹೊಂದಿರುವ ಎರಡು ಕಂಪನಿಗಳು ಅದನ್ನು ಒಟ್ಟಾಗಿ ಬಳಸಲು 2015ರ ಮಾರ್ಗಸೂಚಿಗಳು ಅವಕಾಶ ಕೊಟ್ಟವು. ಅದಕ್ಕೆ ವಿಧಿಸುತ್ತಿದ್ದ ಶೇ 0.5ರಷ್ಟು ಹೆಚ್ಚುವರಿ ಶುಲ್ಕವನ್ನು 2021ರಲ್ಲಿ ಕೈಬಿಡಲಾಯಿತು. ಹಂಚಿಕೆ ಮತ್ತು ಗುತ್ತಿಗೆ (ತರಂಗಾಂತರವನ್ನು ಬಾಡಿಗೆಗೆ ಕೊಡುವುದು) ಎರಡೂ 2023ರ ದೂರಸಂಪರ್ಕ ಕಾಯ್ದೆಯಲ್ಲಿಯೇ ಸೇರಿವೆ.

ಕಣಿವೆಯ ಕಷ್ಟ ಬೇರೆಯದು. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಬ್ಯಾಂಡಿನ ಅಲೆಯ ಉದ್ದ ಸುಮಾರು 9 ಸೆಂಟಿಮೀಟರ್. ಮಳೆಯಲ್ಲಿ ತೊಯ್ದ ಕಾಫಿ ತೋಟದ ನೆರಳುಮರಗಳ ಎಲೆಗಳಲ್ಲಿ ಅದು ಬೇಗ ಕುಗ್ಗುತ್ತದೆ, ಬೆಟ್ಟದ ಏಣಿನ ಮೇಲಿಂದ ಬಾಗಿ ಕೆಳಗಿಳಿಯುವುದೂ ಕಡಿಮೆ. 700 ಮೆಗಾಹರ್ಟ್ಸ್ ಅಲೆ ಸುಮಾರು 43 ಸೆಂಟಿಮೀಟರ್ ಉದ್ದವಿರುವುದರಿಂದ ಹೆಚ್ಚು ಬಾಗುತ್ತದೆ, ಹೆಚ್ಚು ದೂರ ಸಾಗುತ್ತದೆ. ಮನೆಯೊಳಗೆ ಸಿಗದ ಕರೆ ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ ಸಿಗುವುದು ಇಂಥ ಅಡೆತಡೆಗಳಿಂದಲೇ. ಆದ್ದರಿಂದ ಕೊಡಗು ಮೊದಲು ಕೇಳಬೇಕಾದದ್ದು 700 ಮೆಗಾಹರ್ಟ್ಸ್‌ನಂಥ ಕೆಳಬ್ಯಾಂಡಿನ ಟವರ್‌ಗಳನ್ನು, ಅವುಗಳಿಗೆ ಫೈಬರ್ ಸಂಪರ್ಕವನ್ನು ಮತ್ತು ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದಾಗಲೂ ನಡೆಯುವ ಬ್ಯಾಟರಿ, ಜನರೇಟರ್ ವ್ಯವಸ್ಥೆಯನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಭವಿಲ್ಲವೆಂದು ಕಂಪನಿಗಳು ಹೋಗದ ಊರುಗಳಿಗಾಗಿಯೇ ಕೇಂದ್ರದ ಡಿಜಿಟಲ್ ಭಾರತ ನಿಧಿ ಇದೆ.