ಕೆರೆ ತುಂಬಿದ್ದರೂ ಬಾತುಗಳು ಯಾಕೆ ಹೊರಟವು?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಹಳ್ಳಿ. ಮೊದಲೆಲ್ಲ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ಅದಕ್ಕೇ ಚಳಿಗಾಲದ ಬಾತುಗಳು ಹೋಗ್ತವೆ ಅಂದುಕೊಂಡಿದ್ದೆವು. ಈಗ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದು ಏಪ್ರಿಲ್‌ನಲ್ಲೂ ಕೆರೆ ತುಂಬಿರುತ್ತದೆ. ಆದರೂ ಯುಗಾದಿ ಕಳೆದ ಮೇಲೆ ಬಾತುಗಳು ಕಾಣಲ್ಲ. ನೀರು ಕೆಟ್ಟಿದೆಯಾ ಸಾರ್? ಇಲ್ಲೇ ಮೊಟ್ಟೆ ಇಡಬಹುದಲ್ವಾ?

ಉತ್ತರ: ನೀರು ಹೇಗಿದೆ ಅನ್ನೋದು ಬೇರೆ ಪ್ರಶ್ನೆ. ಬಾತುಗಳು ಹೋಗಿದ್ದು ಅದರಿಂದಲ್ಲ. ಕೆರೆ ಕೋಡಿ ಹರಿದರೂ ಅವು ಹೋಗಿಯೇ ಹೋಗುತ್ತವೆ. 2018ರಿಂದ ನಿಮ್ಮ ಕಡೆ ಈ ನೀರು ಬರುತ್ತಿರುವುದರಿಂದ ಹಳೆಯ ನಂಬಿಕೆ ಸುಳ್ಳು ಅಂತ ನಿಮಗೇ ಗೊತ್ತಾಯಿತು, ಅಷ್ಟೆ.

ನೀವು ನೋಡುವುದರಲ್ಲಿ ಜಾಸ್ತಿ ಇರುವುದು ಗಾರ್ಗನಿ ಎಂಬ ಪುಟ್ಟ ಬಾತು, ಅರ್ಧ ಕೆಜಿಯೂ ತೂಗುವುದಿಲ್ಲ. ಜೊತೆಗೆ ಸೂಜಿಬಾಲದ ಬಾತು. ಇವುಗಳ ಊರು ಮಧ್ಯ ಏಷ್ಯಾ, ಸೈಬೀರಿಯಾ. ನಮ್ಮ ಕೆರೆ ಅವಕ್ಕೆ ಚಳಿಗಾಲದ ಬಿಡಾರ.

ನವೆಂಬರಿನಲ್ಲಿ ಗಾರ್ಗನಿ ಹಿಂಡನ್ನು ನೋಡಿ. ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗುವುದಿಲ್ಲ, ಎಲ್ಲವೂ ಮಾಸಲು ಕಂದು. ಫೆಬ್ರವರಿ ಹೊತ್ತಿಗೆ ಗಂಡಿನ ಕಣ್ಣಿನ ಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಹುಬ್ಬು ಮೂಡುತ್ತದೆ. ಮದುಮಗನ ಅಲಂಕಾರ ಶುರುವಾಯಿತು ಅಂತಲೇ ಲೆಕ್ಕ. ಎಷ್ಟೋ ಬಾತುಗಳು ಜೋಡಿಯಾಗುವುದು ಚಳಿಗಾಲ ಕಳೆಯುವ ಕೆರೆಗಳಲ್ಲೇ. ಆಮೇಲೆ ಹೆಣ್ಣು ತಾನು ಹುಟ್ಟಿದ ಜೌಗಿನ ಕಡೆ ಹೊರಡುತ್ತದೆ, ಗಂಡು ಅದರ ಹಿಂದೆ. ಬಾತುಗಳಲ್ಲಿ ಗಂಡೇ ಮನೆಅಳಿಯ!

ಹೊರಡುವ ದಿನ ಹೇಗೆ ಗೊತ್ತಾಗುತ್ತದೆ? ಹಗಲು ಉದ್ದವಾಗುವುದು ಒಂದು ಸುಳಿವು. ಆದರೆ ಕೋಲಾರದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಹಾಗಾಗಿ ವಲಸೆ ಹಕ್ಕಿಯ ಮೈಯೊಳಗೇ ವರ್ಷದ ಗಡಿಯಾರವೂ ಇರುತ್ತದೆ. ಪ್ರಯೋಗಾಲಯದಲ್ಲಿ ಹಗಲು ರಾತ್ರಿಯ ಅವಧಿ ಬದಲಾಗದಂತೆ ಇಟ್ಟ ವಲಸೆ ಹಕ್ಕಿಗಳು ಕೂಡ ಹೊರಡುವ ಕಾಲ ಬಂದಾಗ ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸಿದ್ದು ದಾಖಲಾಗಿದೆ. ಹೊರಡುವ ಮುಂಚೆ ಗಬಗಬ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ಅದೇ ದಾರಿಯ ಬುತ್ತಿ.

ಇಲ್ಲೇ ಯಾಕೆ ಮರಿ ಮಾಡಬಾರದು? ಒಂದು ಗೂಡಿನಲ್ಲಿ ಎಂಟೊಂಬತ್ತು ಮೊಟ್ಟೆ. ಮರಿಗಳಿಗೆ ಮೊದಲು ಬೇಕಾಗುವುದು ಹುಳ. ಜೂನ್‌ನಲ್ಲಿ ಅಲ್ಲಿ 16–17 ಗಂಟೆ ಬೆಳಕು, ಜೌಗಿನ ತುಂಬ ಸೊಳ್ಳೆ, ನೊಣ. ನಮಗೆ ಕಾಟ, ಮರಿಗಳಿಗೆ ಹಬ್ಬ. ಸುಮಾರು ಮೂರು ವಾರ ಕಾವು, ಇನ್ನು ಐದಾರು ವಾರದಲ್ಲಿ ಮರಿ ಹಾರುತ್ತದೆ. ನೀರು ಹೆಪ್ಪುಗಟ್ಟುವ ಮುಂಚೆಯೇ ದಕ್ಷಿಣಕ್ಕೆ ಪಯಣ. ಗಾಯಗೊಂಡ ಒಂದೆರಡು ಇಲ್ಲೇ ಉಳಿಯುವುದುಂಟು.

ಇನ್ನೊಂದು ಮಾತು. ಗೂಡು ಕಟ್ಟುವ ಹಕ್ಕಿ ಕಂಡರೂ 'ಸೈಬೀರಿಯಾದಿಂದ ಬಂದಿದೆ' ಅನ್ನುವ ರೂಢಿ ನಮ್ಮಲ್ಲಿ ಬಂದುಬಿಟ್ಟಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಮರಿ ಮಾಡುವ ಬಣ್ಣದ ಕೊಕ್ಕರೆಗಳಿಗೂ ಇದೇ ಬಿರುದು. ತಪ್ಪು. ಅವು ನಮ್ಮ ದೇಶದವೇ, ನೀರು ನೋಡಿಕೊಂಡು ಊರಿಂದೂರಿಗೆ ಸುತ್ತುತ್ತವೆ. ನಿಮ್ಮ ಕೆರೆಯಲ್ಲಿ ಬೇಸಿಗೆಯಲ್ಲೂ ಇರುವ, ಕೊಕ್ಕಿನ ತುದಿ ಹಳದಿಯ ಬಾತೂ ಇಲ್ಲಿಯದೇ.

ಬಾತಿನ ಕಾಲಲ್ಲಿ ಉಂಗುರ ಕಂಡರೆ ಮಾತ್ರ ಸುಮ್ನೆ ಬಿಡಬೇಡಿ. 1960ರ ದಶಕದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ರಾಜಸ್ಥಾನದ ಭರತಪುರದಲ್ಲಿ ಉಂಗುರ ತೊಡಿಸಿದ ಬಾತುಗಳು ಸೈಬೀರಿಯಾದಲ್ಲಿ ಸಿಕ್ಕಿದ್ದರಿಂದ ಈ ದಾರಿ ಇನ್ನಷ್ಟು ಸ್ಪಷ್ಟವಾಯಿತು. ಸತ್ತ ಹಕ್ಕಿಯಾದರೆ ಬರಿಗೈಯಲ್ಲಿ ಮುಟ್ಟಬೇಡಿ. ಉಂಗುರದ ಅಕ್ಷರ, ಅಂಕಿ ಕಾಣುವಂತೆ ಫೋಟೊ ತೆಗೆದು, ಕೆರೆಯ ಹೆಸರು, ತಾರೀಕು ಬರೆದು ಅರಣ್ಯ ಇಲಾಖೆಗೆ ಕೊಡಿ.