ಜನ ಒಳ್ಳೆಯವರಾಗದೆ ಸ್ವಾತಂತ್ರ್ಯ ಉಳಿಯಲ್ಲ ಅಂದ, ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮೇಲೆ ಪಿಎಚ್‌ಡಿ ಮಾಡಬಹುದಾ? ಅವರ ಪ್ರಕಾರ ಸದ್ಗುಣ ದೊಡ್ಡದೋ, ಸಂವಿಧಾನ ದೊಡ್ಡದೋ? ಅಂತ ನೀವು ಕೇಳಿದ್ದೀರಿ.

ಹೆಚ್ಚುಕಮ್ಮಿ ಇದೇ ವಿಷಯದ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಹಿಡಿದುಕೊಂಡು ನಾನೂ ಒಂದು ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋಗಿದ್ದೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಆಡಮ್ಸ್ ಮಾತು: ನಮ್ಮ ಸಂವಿಧಾನ ಇರುವುದು ನೀತಿವಂತರಾದ, ಧರ್ಮಶ್ರದ್ಧೆಯುಳ್ಳ ಜನರಿಗೆ ಮಾತ್ರ, ಬೇರೆಯವರನ್ನು ಆಳಲು ಅದು ಏನೇನೂ ಸಾಲದು. ಕೆಳಗೆ ಇಸವಿ, 1798.

ಕಮಿಟಿಯಲ್ಲಿದ್ದ ಒಬ್ಬ ಮೇಡಂ ಎರಡನೇ ಹಾಳೆ ತಿರುಗಿಸಲೇ ಇಲ್ಲ. "ಇದು ಯಾವ ತಿಂಗಳ ಪತ್ರ?" ಅಂದರು. ಆಕ್ಟೋಬರ್ ಅಂದೆ. "ಯಾರಿಗೆ ಬರೆದದ್ದು?" ಗೊತ್ತಿರಲಿಲ್ಲ. "ಹೋಗಲಿ, ಅದೇ ವರ್ಷ ಜುಲೈನಲ್ಲಿ ಇವರು ಯಾವ ಕಾಯ್ದೆಗೆ ಸಹಿ ಹಾಕಿದ್ದರು?" ನನ್ನ ಬಾಯಿ ಕಟ್ಟಿಹೋಯಿತು. ಸೀಟೂ ಹೋಯಿತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಮೇಡಂ ಕೇಳಿದ್ದು ಸೆಡಿಷನ್ ಕಾಯ್ದೆ, ಅಂದರೆ ಸರ್ಕಾರದ ವಿರುದ್ಧ ಬರೆದವರನ್ನು ಶಿಕ್ಷಿಸುವ ಕಾಯ್ದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಬಿಎ ಓದುವಾಗಲೇ ಉರು ಹೊಡೆದಿದ್ದೆ. ಸಿನಾಪ್ಸಿಸ್ಸಿನ ಕೊನೆಯ ಪುಟದ ಘಟನಾವಳಿ ಪಟ್ಟಿಯಲ್ಲೂ ಅದು ಇತ್ತು. ಆದರೆ ಆ ಸಾಲು ಒಂದು ಕಡೆ, ಈ ಮಾತು ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಮಾತು ಸಿಕ್ಕಿದ್ದು ಯಾವುದೋ ಕೋಚಿಂಗ್ ನೋಟ್ಸಿನಲ್ಲಿ. ಚೆಂದ ಇದೆ ಅಂತ ಎತ್ತಿಟ್ಟುಕೊಂಡೆ. ಆಮೇಲೆ ಓದಿದ್ದೆಲ್ಲ ಅದಕ್ಕೆ ಸಾಕ್ಷಿ ಹುಡುಕುವುದಕ್ಕೇ. 1776ರ ಏಪ್ರಿಲ್‌ನಲ್ಲಿ ಲೇಖಕಿ ಮರ್ಸಿ ಓಟಿಸ್ ವಾರೆನ್‌ಗೆ ಬರೆದ ಪತ್ರದಲ್ಲಿ, ಗಣರಾಜ್ಯಕ್ಕೆ ಸಾರ್ವಜನಿಕ ಸದ್ಗುಣವೊಂದೇ ಅಡಿಪಾಯ ಅನ್ನುತ್ತಾರಲ್ಲ, ಅದು ಸಿಕ್ಕ ದಿನ ಕುಣಿದಾಡಿದ್ದೆ. ಅದೇ ಜನವರಿಯಲ್ಲಿ ಅದೇ ವಾರೆನ್‌ಗೆ ಬರೆದದ್ದು ಕಣ್ಣಿಗೆ ಬಿದ್ದರೂ ಸುಮ್ನೆ ಬಿಟ್ಟುಬಿಟ್ಟೆ. ಅಲ್ಲಿ ಅವರು ಹೇಳುವುದು, ಅಮೆರಿಕದಲ್ಲೂ ಇಷ್ಟೊಂದು ಲಂಚಕೋರತನ, ಇಷ್ಟೊಂದು ದುರಾಸೆ ಇದೆ, ಗಣರಾಜ್ಯ ನಡೆಸುವಷ್ಟು ಸದ್ಗುಣ ನಮ್ಮಲ್ಲಿದೆಯೋ ಇಲ್ಲವೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ ಅಂತ.

ಇನ್ನು ಆ ಆಕ್ಟೋಬರ್ ಪತ್ರ. ಅದು ಹೋದದ್ದು ಮ್ಯಾಸಚೂಸೆಟ್ಸ್‌ನ ಮಿಲಿಷಿಯಾ (ನಾಗರಿಕರ ಸೇನಾಪಡೆ) ಅಧಿಕಾರಿಗಳಿಗೆ. ಆಗ ಫ್ರಾನ್ಸ್ ಜೊತೆ ಸಮುದ್ರದ ಮೇಲೆ ಘೋಷಣೆಯಿಲ್ಲದ ಯುದ್ಧ ನಡೆದಿತ್ತು. ನಿಮ್ಮ ಬೆನ್ನಿಗೆ ನಾವಿದ್ದೇವೆ ಅಂತ ಅವರು ಬರೆದಿದ್ದರು, ಇದು ಅದಕ್ಕೆ ಅಧ್ಯಕ್ಷರ ಉತ್ತರ. ನಾವೆಲ್ಲ ಎತ್ತಿ ಹೇಳುವ ಸಾಲಿಗೆ ಸ್ವಲ್ಪ ಮೊದಲೇ ಇನ್ನೊಂದಿದೆ: ದುರಾಸೆ, ಅಧಿಕಾರದ ಹಂಬಲ, ಸೇಡು ಇವೆಲ್ಲ ಸಂವಿಧಾನದ ಎಂಥ ಗಟ್ಟಿ ಹಗ್ಗವನ್ನೂ ತಿಮಿಂಗಿಲ ಬಲೆ ಹರಿದುಕೊಂಡು ಹೋದ ಹಾಗೆ ಹರಿದುಬಿಡುತ್ತವೆ. ಚೆನ್ನಾಗಿ ಬರೆಯುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಜುಲೈ 14ರಂದು ಸಹಿ ಹಾಕಿದ ಸೆಡಿಷನ್ ಕಾಯ್ದೆ ನೋಡಿ. ಸರ್ಕಾರ, ಕಾಂಗ್ರೆಸ್ (ಅಲ್ಲಿನ ಸಂಸತ್ತು), ಅಧ್ಯಕ್ಷ ಇವರ ಬಗ್ಗೆ ಸುಳ್ಳು, ದುರುದ್ದೇಶದ ಬರಹ ಬರೆದರೆ 2 ವರ್ಷದ ತನಕ ಜೈಲು, 2,000 ಡಾಲರ್ ತನಕ ದಂಡ. ಉಪಾಧ್ಯಕ್ಷರನ್ನು ಬೈದರೆ ಏನೂ ಇಲ್ಲ! ಯಾಕೆಂದರೆ ಉಪಾಧ್ಯಕ್ಷ ಜೆಫರ್ಸನ್ ಎದುರು ಪಕ್ಷದವರು. ವರ್ಮಾಂಟ್‌ನ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್, ಆಡಮ್ಸ್‌ಗೆ ಆಡಂಬರದ ಹುಚ್ಚು ಅಂತ ಬರೆದದ್ದಕ್ಕೆ 4 ತಿಂಗಳು ಜೈಲು, 1,000 ಡಾಲರ್ ದಂಡ. ಶಿಕ್ಷೆ ಆದದ್ದೂ ಅದೇ ಆಕ್ಟೋಬರ್‌ನಲ್ಲಿ. ಜೈಲಿನಲ್ಲಿದ್ದುಕೊಂಡೇ ಆತ ಮತ್ತೆ ಗೆದ್ದ. ನ್ಯೂವಾರ್ಕ್‌ನಲ್ಲಿ ಅಧ್ಯಕ್ಷರ ಗೌರವಕ್ಕೆ ತೋಪು ಹಾರಿಸಿದಾಗ, ಗುಂಡು ಅವರ ಅಂಡಿಗೇ ಬಿದ್ದರೂ ನನಗೇನು ಅಂತ ಕುಡಿದ ಮತ್ತಿನಲ್ಲಿ ಅಂದ ಲೂಥರ್ ಬಾಲ್ಡ್‌ವಿನ್ ಎಂಬಾತನಿಗೂ ದಂಡ ಬಿತ್ತು. ಇದೆಲ್ಲ ಮಾಡಿದ್ದು ಸದ್ಗುಣವೇ ಅಡಿಪಾಯ ಅಂದ ಮನುಷ್ಯನ ಸರ್ಕಾರ.

ಹಾಗಾಗಿ ಸದ್ಗುಣವೋ ಸಂವಿಧಾನವೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ವಾದ. ಆಡಮ್ಸ್ ಬಾಯಲ್ಲಿ ಸದ್ಗುಣ, ಕೈಯಲ್ಲಿ ಬೀಗ. 1780ರ ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನದ ಕರಡು ಬಹುಪಾಲು ಅವರದೇ. ಎರಡು ಸದನ, ಮೇಲೊಬ್ಬ ಗವರ್ನರ್. ಅವನ ವೀಟೋವನ್ನು (ಮಸೂದೆ ತಡೆಯುವ ಅಧಿಕಾರವನ್ನು) ಯಾರೂ ಮೀರಬಾರದು ಅಂತ ಇವರು ಬರೆದಿದ್ದರು, ಸಭೆ ಮೂರರಲ್ಲಿ ಎರಡು ಪಾಲು ಮತಕ್ಕೆ ಇಳಿಸಿತು. ನಡತೆ ಸರಿ ಇರುವ ತನಕ ನ್ಯಾಯಾಧೀಶರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಸರ್ಕಾರದ ಮೂರೂ ಅಂಗಗಳನ್ನು ಬೇರೆ ಬೇರೆ ಇಟ್ಟು ಕಾರಣ ಕೊಡುತ್ತಾರೆ: ಇದು ಕಾನೂನಿನ ಸರ್ಕಾರವಾಗಲಿ, ವ್ಯಕ್ತಿಗಳದ್ದಲ್ಲ. ಜನರ ಒಳ್ಳೆತನ ನಂಬಿ ಕೂತವರು ಹೀಗೆ ಬರೆಯುತ್ತಾರಾ? ತಿದ್ದುಪಡಿಗಳ ಜೊತೆ ಅದು ಇವತ್ತಿಗೂ ಜಾರಿಯಲ್ಲಿದೆ.

ಸದ್ಗುಣ ಎಲ್ಲಿಂದ ಬರಬೇಕು ಅನ್ನುವುದಕ್ಕೂ ಅಲ್ಲೇ ಉತ್ತರವಿದೆ, ಯಾರೂ ಜಾಸ್ತಿ ಓದುವುದಿಲ್ಲ. ಹಕ್ಕು, ಸ್ವಾತಂತ್ರ್ಯ ಉಳಿಯಬೇಕಾದರೆ ವಿವೇಕ, ಜ್ಞಾನ, ಸದ್ಗುಣ ಎಲ್ಲರಲ್ಲೂ ಹರಡಬೇಕು, ಆದ್ದರಿಂದ ಶಾಲೆಗಳನ್ನು ಪೋಷಿಸುವುದು ಶಾಸಕರ ಕರ್ತವ್ಯ ಅನ್ನುತ್ತದೆ ಆ ಭಾಗ. ಕಲಿಸಬೇಕಾದ ಗುಣಗಳ ಪಟ್ಟಿಯಲ್ಲಿ ಹಸನ್ಮುಖದ ಸ್ವಭಾವವೂ ಇದೆ! ಬಾಲ್ಡ್‌ವಿನ್ ವಿಷಯದಲ್ಲಿ ಅದು ಎಲ್ಲಿ ಹೋಗಿತ್ತೋ.

ಈ ಇಡೀ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು, ಆಡಮ್ಸ್ ಹೆದರಿದ ಆ ತಿಮಿಂಗಿಲ ಅಧ್ಯಕ್ಷರ ಕುರ್ಚಿಯಲ್ಲೇ ಕೂತಿತ್ತು ಅನ್ನುವುದು. ತನ್ನ ಉದ್ದೇಶ ಶುದ್ಧ ಅಂತ ಅವರಿಗೆ ಪೂರ್ತಿ ನಂಬಿಕೆ. ತಡೆದದ್ದು ಚುನಾವಣೆ. 1800ರಲ್ಲಿ ಸೋತರು. 1801ರ ಮಾರ್ಚ್ 3ಕ್ಕೆ ಕಾಯ್ದೆಯ ಅವಧಿ ಮುಗಿಯಿತು, ಮರುದಿನ ಬೆಳಕು ಹರಿಯುವ ಮೊದಲೇ ಅವರೂ ಊರು ಬಿಟ್ಟರು. ಜೆಫರ್ಸನ್ ಪ್ರಮಾಣವಚನಕ್ಕೆ ನಿಲ್ಲಲಿಲ್ಲ, ಆದರೆ ಅಧಿಕಾರ ಬಿಡದೆ ತಕರಾರೂ ಮಾಡಲಿಲ್ಲ. ಸದ್ಗುಣ ಅಂತ ಏನಾದರೂ ಹುಡುಕುವುದಿದ್ದರೆ ನಾನು ಇಲ್ಲಿ ಹುಡುಕುತ್ತೇನೆ.

ಆಡಮ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಮರುವರ್ಷ ಬೇರೆ ಕಡೆ ನಾನೂ ಅವರನ್ನೇ ತೆಗೆದುಕೊಂಡೆ, 1780ರಿಂದ 1801ರ ತನಕ ಮಾತ್ರ. ಪತ್ರಗಳು ಫೌಂಡರ್ಸ್ ಆನ್‌ಲೈನ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ತಾರೀಕಿನ ಪ್ರಕಾರ ಓದಿ, ವಿಷಯದ ಪ್ರಕಾರ ಹುಡುಕಬೇಡಿ. ಅಂಬೇಡ್ಕರ್ ಜೊತೆ ಹೋಲಿಸಿ ಅಂತ ಗೈಡ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ ಅಂತ ಅವರು 1949ರ ನವೆಂಬರ್ 25ರಂದು ಹೇಳಿದ್ದು ಆಡಮ್ಸ್ ಮಾತಿನ ಹಾಗೇ ಕೇಳಿಸುತ್ತದೆ, ನಿಜ. ಆದರೆ ಜಾತಿಯನ್ನು ಎದುರಿಗಿಟ್ಟುಕೊಂಡು ಆಡಿದ ಮಾತು ಅದು, ಅದಕ್ಕೆ ಬೇರೆಯೇ ಪಿಎಚ್‌ಡಿ ಬೇಕು. ಗೈಡ್ ಒಪ್ಪದಿದ್ದರೆ ಒಂದು ಅಧ್ಯಾಯ ಕೊಟ್ಟು ಸಮಾಧಾನ ಮಾಡಿ.