ನರ್ಸರಿಯ ಕ್ಯಾನಾಕ್ಕೆ ನಂಜುರೋಗ: ಗಡ್ಡೆ ಸೀಳುವ ಮೊದಲು ಇದನ್ನು ಓದಿ

ನಿಮ್ಮ ಮೂರೂ ಫೋಟೊಗಳನ್ನು ಹಿಗ್ಗಿಸಿ ನೋಡಿದೆ. ನರ್ಸರಿಯಿಂದ ತಂದು ಎರಡು ತಿಂಗಳಾದ ಕ್ಯಾನಾ (ಗಡ್ಡೆಯಿಂದ ಬೆಳೆಯುವ, ಅಗಲ ಎಲೆಯ ಹೂಗಿಡ), ಎಲೆಯ ನರಗಳ ನಡುವೆ ಹಳದಿ ಗೀರು, ಆ ಗೀರುಗಳೇ ಮುಂದೆ ಕಂದು ತಿರುಗಿ ಒಣಗುತ್ತಿವೆ. ಯಾವ ಔಷಧಿ ಹೊಡೆಯಲಿ, ಗಡ್ಡೆ ಸೀಳಿ ಒಳ್ಳೆಯ ಭಾಗವನ್ನಾದರೂ ಉಳಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಎರಡನೆಯದಕ್ಕೇ ಮೊದಲ ಉತ್ತರ: ಸೀಳಬೇಡಿ. ಇದು ನಂಜುರೋಗದ ಲಕ್ಷಣ, ಅದರ ನಂಜಾಣು, ಅಂದರೆ ವೈರಸ್, ಗಿಡದ ರಸದಲ್ಲಿ ಬೇರಿನವರೆಗೂ ಹರಡಿರುತ್ತದೆ. ಚೆನ್ನಾಗಿ ಕಾಣುವ ಭಾಗ ಎಂದರೆ ರೋಗ ಇನ್ನೂ ಮುಖ ತೋರಿಸದ ಭಾಗ ಅಷ್ಟೆ.

ಔಷಧಿಯ ಪ್ರಶ್ನೆಗೆ ಉತ್ತರ ಇನ್ನೂ ಚಿಕ್ಕದು. ನಂಜುರೋಗ ಹಿಡಿದ ಗಿಡವನ್ನು ಗುಣಪಡಿಸುವ ಸಿಂಪಡಣೆ ಯಾವುದೂ ಇಲ್ಲ. ಶಿಲೀಂಧ್ರನಾಶಕಕ್ಕೆ ಇಲ್ಲಿ ಕೆಲಸವೇ ಇಲ್ಲ. ಪ್ರಯೋಗಾಲಯದಲ್ಲಿ ಬಿಸಿಯ ಉಪಚಾರ ಕೊಟ್ಟು, ಕುಡಿಯ ತುದಿಯ ಕಣದಷ್ಟು ಅಂಗಾಂಶದಿಂದ ಶುದ್ಧ ಸಸಿ ಬೆಳೆಸುವ ವಿಧಾನವಿದೆ. ಅದು ತಳಿ ಉಳಿಸುವವರ ಕೆಲಸ, ಕುಂಡದ ಮುಂದೆ ಕೂತ ನಮ್ಮದಲ್ಲ.

ನಿಮ್ಮ ಫೋಟೊ ನೋಡಿದ ಇನ್ನೊಬ್ಬರು ಇದು ಕಬ್ಬಿಣದ ಕೊರತೆ ಇರಬಹುದು ಎಂದಿದ್ದಾರೆ. ಸಂದೇಹ ನ್ಯಾಯವಾದದ್ದೇ. ಆದರೆ ಕಬ್ಬಿಣ ಕಡಿಮೆಯಾದಾಗ ಹೊಸ ಎಲೆಗಳು ಒಂದೇ ಸಮನಾಗಿ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮೆಗ್ನೀಸಿಯಂ ಕೊರತೆ ಹಳೆಯ ಎಲೆಗಳಲ್ಲಿ ಶುರುವಾಗುತ್ತದೆ. ನಂಜಿಗೆ ಈ ಶಿಸ್ತಿಲ್ಲ: ಎಲೆಯ ಒಂದು ಬದಿಯಲ್ಲಿ ಗೀರು, ಇನ್ನೊಂದರಲ್ಲಿ ಇಲ್ಲ, ಒಂದು ಕಾಂಡ ಸೊರಗಿದೆ, ಪಕ್ಕದ್ದು ನೆಟ್ಟಗಿದೆ. ನಿಮ್ಮ ಎರಡನೆಯ ಫೋಟೊ ಹೀಗೇ ಇದೆ. ಹುಟ್ಟಿನಿಂದಲೇ ಪಟ್ಟೆಯಿರುವ ಕ್ಯಾನಾ ತಳಿಗಳೂ ಉಂಟು, ಆದರೆ ಅವುಗಳ ಪಟ್ಟೆ ಎಲ್ಲ ಎಲೆಗಳಲ್ಲೂ ಕ್ರಮವಾಗಿರುತ್ತದೆ, ಕಂದಾಗಿ ಒಣಗುವುದಿಲ್ಲ. ಖಚಿತವಾಗಬೇಕಿದ್ದರೆ ಎಲೆಯ ರಸದಲ್ಲಿ ಅದ್ದುವ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಒಂದು ಪಟ್ಟಿ ತಾನು ಹುಡುಕುವ ನಂಜಾಣುವನ್ನು ಮಾತ್ರ ಹಿಡಿಯುತ್ತದೆ ಎನ್ನುವುದು ನೆನಪಿರಲಿ. ಗೆರೆ ಮೂಡಲಿಲ್ಲವೆಂದು ಗಿಡ ಶುದ್ಧ ಎಂದುಕೊಳ್ಳಬೇಡಿ.

ನಾನು ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಹಿಂದೊಮ್ಮೆ ಇಂಥದೇ ಕ್ಯಾನಾ ಪೊದೆಯನ್ನು ‘ಗೊಬ್ಬರ ಸಾಲದು’ ಎಂದುಕೊಂಡು ಆರೈಕೆ ಮಾಡಿ, ಗಡ್ಡೆ ಸೀಳಿ ಆರು ಗೆಳೆಯರಿಗೆ ಹಂಚಿದೆ. ಮರುವರ್ಷ ಒಬ್ಬೊಬ್ಬರಾಗಿ ಗೀರುಬಿದ್ದ ಎಲೆಯ ಫೋಟೊ ಕಳಿಸತೊಡಗಿದರು. ಉಡುಗೊರೆಯನ್ನು ಕಿತ್ತು ಎಸೆಯಿರಿ ಎಂದು ಆರು ಮನೆಗೆ ಹೇಳುವ ಮುಜುಗರ ಸಣ್ಣದಲ್ಲ.

ನರ್ಸರಿಗಳಲ್ಲಿ ಆಗುವುದೂ ಇದೇ, ದೊಡ್ಡ ಪ್ರಮಾಣದಲ್ಲಿ. ಕಡ್ಡಿ, ಗಡ್ಡೆ, ಕಸಿ ಎಂದು ಒಂದು ತಾಯಿಗಿಡದಿಂದ ಸಾವಿರ ಸಸಿ ಮಾಡಿದಾಗ ತಾಯಿಯ ನಂಜು ಸಾವಿರಕ್ಕೂ ಹೋಗುತ್ತದೆ. ಅಂದದ ಎಲೆಗಾಗಿ ಬೆಳೆಸುವ ಹೋಸ್ಟಾ ಗಿಡದ ಕಥೆ ಕೇಳಿ. 1996ರಲ್ಲಿ ಅದರಲ್ಲಿ ‘ಹೋಸ್ಟಾ ವೈರಸ್ ಎಕ್ಸ್’ ಎಂಬ ನಂಜಾಣು ಗುರುತಾಯಿತು. ಅದು ಎಲೆಯಲ್ಲಿ ಬಿಡಿಸುವ ಚಿತ್ತಾರ ಎಷ್ಟು ಚೆಂದವಾಗಿತ್ತೆಂದರೆ, ರೋಗದ ಗಿಡಗಳನ್ನೇ ಹೊಸ ತಳಿಗಳೆಂದು ಹೆಸರಿಟ್ಟು ಮಾರಿದರು! ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು ವರ್ಷಗಳೇ ಹಿಡಿಯಬಹುದು, ಆದ್ದರಿಂದ ಮಾರಿದವರನ್ನೆಲ್ಲ ಮೋಸಗಾರರೆನ್ನಲಾಗದು.

ಈಗ ಮಾಡಬೇಕಾದದ್ದು. ಗಿಡವನ್ನು ಬೇರುಸಮೇತ ಕಿತ್ತು, ಚೀಲದಲ್ಲಿ ಕಟ್ಟಿ, ಕಸಕ್ಕೆ ಹಾಕಿ. ಕಾಂಪೋಸ್ಟ್ ಗುಂಡಿಗೆ ಬೇಡ. ತಂಬಾಕಿನ ಮೊಸಾಯಿಕ್ ನಂಜಾಣುವಿನಂಥವು ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಗಿಡಹೇನು ಕಂಡರೆ ಕೀಳುವ ಮೊದಲೇ ಅದನ್ನು ನಿವಾರಿಸಿ, ಇಲ್ಲವಾದರೆ ಅಲುಗಾಡಿಸಿದಾಗ ಪಕ್ಕದ ಗಿಡಕ್ಕೆ ವಲಸೆ ಹೋಗುತ್ತದೆ. ಹೇನು ರಸ ಹೀರಿದ ಕೆಲವೇ ಸೆಕೆಂಡುಗಳಲ್ಲಿ ಕೆಲವು ನಂಜಾಣುಗಳನ್ನು ಹೊತ್ತುಕೊಳ್ಳುತ್ತದೆ, ಅಷ್ಟೇ ಬೇಗ ಇನ್ನೊಂದು ಗಿಡಕ್ಕೆ ದಾಟಿಸುತ್ತದೆ. ಕೀಟನಾಶಕ ಅದನ್ನು ಕೊಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆದ್ದರಿಂದಲೇ ರೋಗದ ಗಿಡವನ್ನು ಇಟ್ಟುಕೊಂಡು ಹೇನಿನೊಂದಿಗೆ ಕಾದಾಡುವುದರಲ್ಲಿ ಅರ್ಥವಿಲ್ಲ.

ಕತ್ತರಿಯ ವಿಷಯ. ಆರ್ಕಿಡ್, ಹೋಸ್ಟಾ, ಟೊಮೆಟೊ, ಪೆಟೂನಿಯ ಬೆಳೆಸುವವರಿಗೆ ಶತ್ರು ಹುಳಕ್ಕಿಂತ ಹೆಚ್ಚಾಗಿ ಅವರ ಕೈಯಲ್ಲಿರುವ ಅಲಗೇ. ಸ್ಪಿರಿಟ್‌ನಲ್ಲಿ ಒರೆಸಿದರೆ ಬ್ಯಾಕ್ಟೀರಿಯಾಕ್ಕೆ ಸರಿ, ತಂಬಾಕಿನ ಮೊಸಾಯಿಕ್‌ನಂಥ ಗಟ್ಟಿಗನಿಗೆ ಸಾಲದು. ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ, ಆಯಾ ದಿನವೇ ಕಲಸಿಕೊಂಡು, ಅಲಗನ್ನು ಅದ್ದಿ. ಆಮೇಲೆ ತೊಳೆದು ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ. ಕೆನೆ ತೆಗೆದ ಹಾಲಿನ ಪುಡಿಯನ್ನು 100 ಮಿಲಿ ನೀರಿಗೆ 20 ಗ್ರಾಂನಂತೆ ಕದಡಿ ಕೈ ಅದ್ದಿಕೊಳ್ಳುವ ಹಳೆಯ ಉಪಾಯವೂ ಇದೆ. ತಮಾಷೆ ಎನಿಸಬಹುದು, ಆದರೆ ಹಾಲಿನ ಪ್ರೋಟೀನ್ ನಂಜಾಣುವನ್ನು ಸುತ್ತಿಕೊಂಡು ನಿಷ್ಕ್ರಿಯಗೊಳಿಸುತ್ತದೆ. ಬೀಡಿ ಸಿಗರೇಟಿನ ತಂಬಾಕಿನಲ್ಲೂ ಈ ಮೊಸಾಯಿಕ್ ನಂಜಾಣು ಇರಬಹುದು, ಸೇದಿದ ಕೈಯಿಂದ ಟೊಮೆಟೊ ಮುಟ್ಟಬೇಡಿ ಎನ್ನುವುದು ಅದಕ್ಕೇ.

ನರ್ಸರಿಯವರಿಗೆ ತಿಳಿಸಲೇಬೇಕು, ಆದರೆ ಗಿಡವನ್ನು ಹೊತ್ತುಕೊಂಡು ಅವರ ಸಾಲುಗಳ ನಡುವೆ ನಡೆಯಬೇಡಿ. ಫೋಟೊ, ಗಿಡಕ್ಕಿದ್ದ ಚೀಟಿ, ಕೊಂಡ ದಿನಾಂಕ ಸಾಕು. ಗಿಡ ಎಲ್ಲಿಂದ ಬಂತು, ಅದೇ ಕಂತಿನಲ್ಲಿ ಇನ್ನೆಷ್ಟು ಉಳಿದಿವೆ ಎಂದು ಕೇಳಿ. ಮುಂದಿನ ಸಲ ಕೊಳ್ಳುವಾಗ ನಿಮಗೆ ಹಿಡಿಸಿದ ಕುಂಡವನ್ನಷ್ಟೇ ನೋಡದೆ ಆ ತಳಿಯ ಇಡೀ ಸಾಲನ್ನು ನೋಡಿ. ಹತ್ತರಲ್ಲಿ ಮೂರಕ್ಕೆ ಗೀರಿದ್ದರೆ ಉಳಿದ ಏಳನ್ನೂ ಬಿಟ್ಟು ಬನ್ನಿ. ತಂದ ಗಿಡವನ್ನು ಒಂದೆರಡು ತಿಂಗಳು ಉಳಿದವುಗಳಿಂದ ದೂರವಿಡಿ.

ಅದೇ ಕುಂಡದಲ್ಲಿ ಮತ್ತೆ ಕ್ಯಾನಾ ನೆಡಬಹುದೇ ಎಂದೂ ಕೇಳಿದ್ದಿರಿ. ಹಳೆಯ ಮಣ್ಣು ಎಸೆದು, ಕುಂಡವನ್ನು ಉಜ್ಜಿ ತೊಳೆದು, ಬ್ಲೀಚ್ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆ ನೆಡಬಹುದು. ನೆಲದಲ್ಲಾಗಿದ್ದರೆ ಗಡ್ಡೆಯ ಚೂರು ಒಂದೂ ಉಳಿಯದಂತೆ ಅಗೆದು ತೆಗೆದು, ಒಂದು ಋತು ಅಲ್ಲಿ ಬೇರೆ ಏನಾದರೂ ಬೆಳೆಸಿ.